ನಮ್ಮ ಮನೇಲಿ ಬಾವುಟ ಇರಲಿಲ್ಲ, ನೆನಪಿದೆಯಾ?

ದೋಸ್ತ,

ಹೋದ ವಾರ ನಿನ್ನ ಫೋನ್ ಬಂದಾಗ ನಾನು ಎತ್ತಲಿಲ್ಲ. ಮೀಟಿಂಗಿನಲ್ಲಿದ್ದೇನೆ ಅಂತ ಮೆಸೇಜ್ ಹಾಕಿದೆ. ಯಾವ ಮೀಟಿಂಗೂ ಇರಲಿಲ್ಲ. ಅಡುಗೆಮನೆ ಕಟ್ಟೆಗೆ ಒರಗಿಕೊಂಡು, ಫೋನು ಬಡಿದುಕೊಳ್ಳೋದನ್ನು ನೋಡುತ್ತಾ ನಿಂತಿದ್ದೆ. "ಯಾರಪಾ?" ಅಂತ ಅವ್ವ ಕೇಳಿದಳು. ನಿನ್ನ ಹೆಸರು ಹೇಳಿದೆ. "ಹಂಗಾರ ಎತ್ತು," ಅಂದಳು. ಆಗಲೂ ಎತ್ತಲಿಲ್ಲ.

ಯಾಕೆ ಅಂತ ಇಲ್ಲಿ ಹೇಳುತ್ತೇನೆ. ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನಾನು ಮಾಡಿದ್ದನ್ನು 112 ಮನೆಯವರು ಓದಿದ್ದಾರೆ. ಅದಕ್ಕೆ ಇದನ್ನೂ ನಾಲ್ಕು ಜನ ಓದುವ ಕಡೆಯೇ ಹಾಕುತ್ತಿದ್ದೇನೆ. ಹಳದಿ ಚಪ್ಪಲಿ ವಿಷಯ ಬರೆಯೋದಿಲ್ಲ, ಹೆದರಬೇಡ.

ಮೊದಲು ಮನೆ ಸುದ್ದಿ. ಅವ್ವ ಬೆಂಗಳೂರಿಗೆ ಬಂದು ನಮ್ಮ ಜೊತೆ ಇರೋಕೆ ಶುರು ಮಾಡಿ ಎರಡು ವರ್ಷ ಆಯಿತು. ಮೊದಲ ಆರು ತಿಂಗಳು ದಿನಾ ಹುಬ್ಬಳ್ಳಿ ಬಸ್ಸಿನ ಟೈಮ್ ಕೇಳುತ್ತಿದ್ದಳು. ಈಗ ಕೇಳೋದಿಲ್ಲ. ಕೆಳಗಡೆ ಪಾರ್ಕಿನ ಬೆಂಚಿನಲ್ಲಿ ಒಡಿಶಾದ ಒಬ್ಬ ಅಜ್ಜಿ ಸಿಕ್ಕಿದ್ದಾರೆ. ಆ ಅಜ್ಜಿಗೆ ಕನ್ನಡ ಬರೋದಿಲ್ಲ. ಅವ್ವನ ಹಿಂದಿ ನಿನಗೆ ಗೊತ್ತಲ್ಲ, ಹುಬ್ಬಳ್ಳಿಯ ದುರ್ಗದಬೈಲು ಪೇಟೆಯದು, ಅದರಲ್ಲಿ ಅರ್ಧ ನಿಮ್ಮ ಅಮ್ಮಿ ಕಲಿಸಿದ್ದು. ಇಬ್ಬರಿಗೂ ಮೊಣಕಾಲು ನೋವು. ಇಬ್ಬರ ಸೊಸೆಯರೂ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಐದರಿಂದ ಏಳರವರೆಗೆ ಅಷ್ಟರಲ್ಲೇ ಮಾತು ನಡೆಯುತ್ತದೆ. ಒಮ್ಮೊಮ್ಮೆ ಮಾತೇ ಇರೋದಿಲ್ಲ, ಸುಮ್ನೆ ಬಟಾಣಿ ಬಿಡಿಸುತ್ತಾ ಕೂತಿರುತ್ತಾರೆ. ಆಫೀಸಿನಿಂದ ಬರುವಾಗ ಅವರಿಬ್ಬರನ್ನು ಕಂಡರೆ ನನಗೆ ಆ ದಿನದ ಸುಸ್ತೆಲ್ಲ ಇಳಿದುಹೋಗುತ್ತದೆ.

ಇನ್ನು ವಿಷಯಕ್ಕೆ ಬರುತ್ತೇನೆ.

ನಾನು ಈ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಕಮಿಟಿಯಲ್ಲಿದ್ದೇನೆ. ಆಗಸ್ಟ್ 15ಕ್ಕೆ ಎಲ್ಲ ಮನೆಗೂ ಬಾವುಟ ಕೊಡೋಣ ಅಂತ ತೀರ್ಮಾನ ಆಯಿತು. ಆನ್‌ಲೈನ್‌ನಲ್ಲಿ ಒಟ್ಟಿಗೆ ತರಿಸಿದೆವು. ಪಾಲಿಯೆಸ್ಟರ್ ಬಾವುಟ. ಮೊದಲು ಧ್ವಜ ಅಂದರೆ ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯೇ ಆಗಬೇಕಿತ್ತಲ್ಲ, 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರಿಗೂ ಯಂತ್ರದ ಬಟ್ಟೆಗೂ ಒಪ್ಪಿಗೆ ಕೊಟ್ಟರು. ಮರುವರ್ಷ ಮನೆ ಮನೆಗೂ ತಿರಂಗಾ ಅಂತ ಶುರುವಾದಾಗ ಪೋಸ್ಟ್ ಆಫೀಸಿನಲ್ಲೇ 25 ರೂಪಾಯಿಗೆ ಸಿಗುತ್ತಿತ್ತು. ಆ ಜುಲೈನಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಾವುಟ ತಯಾರಿಸುವ ಖಾದಿ ಕೆಲಸಗಾರರು ಇದರ ವಿರುದ್ಧ ಪ್ರತಿಭಟನೆಗೆ ಕೂತಿದ್ದರು. ನಾನು ಆ ಸುದ್ದಿ ಓದಿ ಅವ್ವನಿಗೆ ಹೇಳಿರಲಿಲ್ಲ. ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು.

ಆಗಸ್ಟ್ 12ರಂದು ವಾಚ್‌ಮನ್ ಎಲ್ಲ ಮನೆಗೂ ಹಂಚಿದ. ನಮ್ಮ ಮನೆಯದನ್ನು ಮಗಳು ಅಜ್ಜಿಯ ಕೈಗೆ ಕೊಟ್ಟಳು. ಅವ್ವ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಸ್ವಲ್ಪ ಉಜ್ಜಿದಳು. ಕಣ್ಣಲ್ಲಿ ನೋಡುವ ಮೊದಲೇ ಉಜ್ಜಿದಳು. "ಇದು ನೂಲಲ್ಲ," ಅಂದಳು. ಬೇರೆ ಏನೂ ಹೇಳಲಿಲ್ಲ. ಬಾಲ್ಕನಿಗೆ ಹೋಗಿ ತಾನೇ ಕಟ್ಟಿದಳು. ಕೇಸರಿ ಮೇಲಿದೆಯಾ ಅಂತ ಎರಡು ಸಲ ನೋಡಿದಳು.

14ರ ಸಂಜೆ ನಾನು ಕೆಳಗೆ ನಿಂತು ಕಟ್ಟಡದ ಫೋಟೊ ತೆಗೆದೆ. ನೋಡೋಕೆ ತುಂಬ ಚೆನ್ನಾಗಿತ್ತು. ಬಾವುಟ ಕಂಡರೆ ನನಗೆ ಚಿಕ್ಕಂದಿನಿಂದ ಏನೋ ಒಂಥರಾ ಆಗುತ್ತದೆ, ಗಂಟಲು ಕಟ್ಟುತ್ತದೆ, ಅದು ನಿನಗೆ ಗೊತ್ತು, ಎರಡನೇ ಬೆಲ್ ದಿನ ನೀನೇ ನೋಡಿದ್ದೀಯ. ಫೋಟೊ ಗ್ರೂಪಿಗೆ ಹಾಕಿದೆ. ಯಾರೋ ಒಬ್ಬರು, ಕೆಲವು ಬಾಲ್ಕನಿ ಖಾಲಿ ಇವೆಯಲ್ಲ ಅಂದರು. ಇನ್ನೊಬ್ಬರು, ಯಾವ ಮನೆ ಅಂತ ಕೇಳಿದರು.

ನಾನು ಎಣಿಸಿದೆ. ಫೋಟೊ ದೊಡ್ಡದು ಮಾಡಿಕೊಂಡು, ಮಹಡಿ ಲೆಕ್ಕ ಹಾಕಿ, ಒಂಬತ್ತು ಮನೆ ನಂಬರ್ ಬರೆದೆ. ಕೆಳಗೆ "ದಯವಿಟ್ಟು ಗಮನಿಸಿ" ಅಂತ ಸೇರಿಸಿದೆ. ಕೈ ಮುಗಿಯುವ ಚಿತ್ರವನ್ನೂ ಹಾಕಿದೆ. ಗ್ರೂಪಿಗೆ ಕಳಿಸಿದೆ.

ಒಂಬತ್ತು ಮನೆಯಲ್ಲಿ ಯಾರು ಯಾರಿದ್ದಾರೆ ಅಂತ ನನಗೆ ಗೊತ್ತಿತ್ತು ದೋಸ್ತ. ನಾನು ಕಮಿಟಿಯವನು. ಗೊತ್ತಿಲ್ಲದೆ ಆಯಿತು ಅಂತ ಹೇಳಲಾರೆ. ಕಳಿಸುವಾಗ ಒಂದು ನಂಬರಿನ ಹತ್ತಿರ ನನ್ನ ಬೆರಳು ಒಂದು ಕ್ಷಣ ನಿಂತಿತ್ತು. ಆ ಒಂದನ್ನು ಬಿಟ್ಟರೆ ಯಾಕೆ ಬಿಟ್ಟೆ ಅಂತ ಯಾರಾದರೂ ಕೇಳುತ್ತಾರೆ ಅನ್ನಿಸಿತು. ಸೇರಿಸಿದೆ.

ರಾತ್ರಿ ಎಂಟೂವರೆಗೆ ಬಾಗಿಲು ಬಡಿದ ಸದ್ದು. ಆ ಮನೆಯ ಹೆಣ್ಣುಮಗಳು. ಮೂವತ್ತು ವರ್ಷ ಇರಬಹುದು, ಕಂಕುಳಲ್ಲಿ ಸಣ್ಣ ಮಗು. ಕೈಯಲ್ಲಿ ಹೊಸ ಬಾವುಟ, ಇನ್ನೂ ಅಂಗಡಿಯ ಕವರಿನಲ್ಲೇ ಇತ್ತು. ನಾವು ಕೊಟ್ಟಿದ್ದನ್ನು ದೊಡ್ಡ ಮಗ ಶಾಲೆಗೆ ಒಯ್ದು ಅಲ್ಲೇ ಬಿಟ್ಟು ಬಂದನಂತೆ. ಅದಕ್ಕೆ ಇದನ್ನು ತಂದೆವು ಅಂದಳು. ಕವರಿನಿಂದ ತೆಗೆದು ಬಿಡಿಸಿ ನನಗೆ ತೋರಿಸಿದಳು.

"ಸರ್, ಇಷ್ಟು ದೊಡ್ಡದು ಸಾಕಾ?"

ಸಾಕು ಅಂದೆ. ಥ್ಯಾಂಕ್ಸ್ ಅಂದೆ. ಅವಳೂ ಥ್ಯಾಂಕ್ಸ್ ಅಂದಳು. ಲಿಫ್ಟಿಗೆ ಕಾಯದೆ ಮೆಟ್ಟಿಲು ಇಳಿದು ಹೋದಳು.

ಊಟಕ್ಕೆ ಕೂತಾಗ ಅವ್ವ ಕೇಳಿದಳು, "ಆ ಹುಡುಗಿ ಯಾಕ ಬಂದಿದ್ಲು?" ಹೇಳಿದೆ. ಪಟ್ಟಿ ಮಾಡಿದ್ದನ್ನೂ ಹೇಳಿದೆ. ಅವ್ವ ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು.

"ಹುಬ್ಬಳ್ಳ್ಯಾಗ ನಮ್ಮ ಮನ್ಯಾಗ ಎಂದರೆ ಝೇಂಡಾ ಇತ್ತೇನು?"

"ಇರಲಿಲ್ಲ."

"ಹಂಗಾರ ನಮ್ಮ ಮನಿ ನಂಬರೂ ಬರೀತಿದ್ದಿ."

ದೋಸ್ತ, ಇದನ್ನು ಓದುತ್ತಿರುವ ಬೇರೆಯವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ನಮ್ಮ ಅವ್ವ ಬಾವುಟ ಹೊಲಿದವಳು. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾದದ್ದು 1957ರ ನವೆಂಬರ್ 1ರಂದು. ಬಾವುಟ ತಯಾರಿ ಶುರುವಾದದ್ದು ತುಂಬ ಆಮೇಲೆ. ನಾನು ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಮೇಲೆ ಅವ್ವ ಅಲ್ಲಿಗೆ ಹೋಗತೊಡಗಿದಳು. ಅದಕ್ಕೂ ಮೊದಲು ಮನೆಯಲ್ಲೇ ಓಣಿಯವರ ಜಂಪರ್ ಹೊಲಿಯುತ್ತಿದ್ದಳಲ್ಲ, ಅದೇ ಕೈ.

ಬಾಗಲಕೋಟೆ ಕಡೆಯ ತುಳಸಿಗೇರಿಯಿಂದ ಬಟ್ಟೆ ಬರುತ್ತಿತ್ತು. ಅದನ್ನು ಮೂರು ಪಾಲು ಮಾಡಿ ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಬಿಳುಪು. ಬಿಳಿ ಬಟ್ಟೆಯ ಮೇಲೆ ಚಕ್ರದ ಅಚ್ಚು. 24 ಕಡ್ಡಿ, ಎರಡೂ ಬದಿಗೆ, ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂಡಬೇಕು. ಆಮೇಲೆ ಹೊಲಿಗೆ, ಹಗ್ಗ, ಕೊನೆಗೆ ತಪಾಸಣೆ. ಒಂಬತ್ತು ಅಳತೆ. ಸಣ್ಣದು ಅಂಗೈಯಷ್ಟು, 6 ಇಂಚಿಗೆ 4 ಇಂಚು. ದೊಡ್ಡದು 21 ಅಡಿಗೆ 14 ಅಡಿ. ಅಳತೆಯಲ್ಲಿ ಸ್ವಲ್ಪ ತಪ್ಪಿದರೂ ವಾಪಸ್. ನಮ್ಮ ದೇಶದಲ್ಲಿ ವಸ್ತುಗಳ ಗುಣಮಟ್ಟಕ್ಕೆ ನಂಬರ್ ಕೊಡುತ್ತಾರಲ್ಲ, ಅದರಲ್ಲಿ ಮೊದಲನೇ ನಂಬರೇ ಬಾವುಟದ್ದು, ಐಎಸ್ 1. ಇದನ್ನು ಮಗಳ ಶಾಲೆ ಪ್ರಾಜೆಕ್ಟಿಗೆ ನಾನು ಹುಡುಕಿ ಓದಿ ಹೇಳಿದರೆ ಅವ್ವ, "ನಂಬರ್ ಗೊತ್ತಿಲ್ಲ, ಹೊಲಗಿ ಸೊಟ್ಟ ಆಗಬಾರದಿತ್ತು," ಅಂದಳು.

ಇಷ್ಟೆಲ್ಲ ಹೊಲಿದವಳ ಮನೆಯಲ್ಲಿ ಒಂದೂ ಬಾವುಟ ಇರಲಿಲ್ಲ. ಯಾಕವ್ವ ಅಂತ ಆ ರಾತ್ರಿ ಕೇಳಿದೆ. "ದಿನಾ ತೊಡಿ ಮ್ಯಾಲೆ ಇರತಿತ್ತಲ್ಲೋ. ಮನಿಗೆ ಯಾಕ ಬೇಕು?" ಅಂದಳು.

ನನಗೆ ನಿದ್ದೆ ಬರಲಿಲ್ಲ. ಅವ್ವನ ಮಾತು ಒಂದು ಕಡೆ. ಆ ಹುಡುಗಿ ಕೇಳಿದ "ಸಾಕಾ?" ಇನ್ನೊಂದು ಕಡೆ. ಆ ಧ್ವನಿಯನ್ನು ನಾನು ಮುಂಚೆ ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಲೇ ಇತ್ತು. ಎರಡು ಗಂಟೆ ಹೊತ್ತಿಗೆ ನೆನಪಾಯಿತು.

ನಿಮ್ಮ ಅಬ್ಬಾನ ಸೈಕಲ್ ಅಂಗಡಿ.

1994ರಲ್ಲಿ ನಾವು ಐದನೇ ಕ್ಲಾಸು. ಆ ಆಗಸ್ಟ್ 15ರಂದು ನಮ್ಮ ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ಬಾವುಟ ಹಾರಿಸೋ ವಿಷಯಕ್ಕೆ ಗಲಾಟೆ, ಗೋಲಿಬಾರ್, ಜನ ಸತ್ತದ್ದು, ಕರ್ಫ್ಯೂ. ಶಾಲೆ ಮತ್ತೆ ತೆರೆದ ದಿನ ನೀನು ನನ್ನ ಬೆಂಚಿಗೆ ಬರಲಿಲ್ಲ. ಹಿಂದೆ ಹೋಗಿ ಕೂತೆ. ಎರಡು ದಿನ ಅಲ್ಲೇ ಕೂತೆ. ಮೂರನೇ ದಿನ ಬಂದು ನನ್ನ ಪಕ್ಕ ಕೂತು ಪೆನ್ಸಿಲ್ ಕೇಳಿದೆ. ಯಾಕೆ ಅಂತ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ. ಮೂವತ್ತು ವರ್ಷದಲ್ಲಿ ನಾವು ಲಕ್ಷ ಮಾತಾಡಿದ್ದೇವೆ, ಇದೊಂದು ಮಾತಾಡಿಲ್ಲ.

ಮರುವರ್ಷ ಆಗಸ್ಟ್ 14ರ ಸಂಜೆಗೇ ಚಾಚಾ ಅಂಗಡಿ ಬಾಗಿಲಿಗೆ ಕಾಗದದ ಬಾವುಟ ಅಂಟಿಸಿದ್ದರು. ಇಡೀ ಓಣಿಯಲ್ಲಿ ಮೊದಲನೆಯದು. ಅದರ ಮುಂದಿನ ವರ್ಷವೂ ಹಾಗೇ. ಜನವರಿ 26ಕ್ಕೂ ಹಾಗೇ. ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ? ನಿಮ್ಮ ಅಂಗಡಿಗಿದೆ, ನಮ್ಮ ಮನೆಗಿಲ್ಲ ಅಂತ ಅವ್ವನ ಹತ್ತಿರ ಜಗಳ ಆಡಿದ್ದೆ. ಒಮ್ಮೆ ಟ್ಯೂಬಿಗೆ ಗಾಳಿ ಹಾಕಿಸಿಕೊಳ್ಳುತ್ತಾ ಕೇಳಿದೆ, "ಚಾಚಾ, ನಾಳೆ ಅಲ್ವಾ ಹಬ್ಬ?" ಚಾಚಾ ಪಂಪು ನಿಲ್ಲಿಸಲಿಲ್ಲ. "ಮುಂಚೇನೇ ಇದ್ರ ಚಲೋ, ಬೇಟಾ," ಅಂದರು.

ನಾನು ಅದನ್ನು ಉತ್ಸಾಹ ಅಂತ ತಿಳಿದಿದ್ದೆ. ಉತ್ಸಾಹವೂ ಇತ್ತು, ಅದನ್ನು ನಾನು ಅಲ್ಲಗಳೆಯೋದಿಲ್ಲ. ಹಾಕಿ ಮ್ಯಾಚ್ ಇದ್ದ ದಿನ ಚಾಚಾ ರೇಡಿಯೊ ಮುಂದೆ ಹೇಗೆ ಕೂರುತ್ತಿದ್ದರು ಅಂತ ನಾನು ನೋಡಿದ್ದೇನೆ. ಆದರೆ "ಮುಂಚೇನೇ" ಅನ್ನೋ ಮಾತಿನಲ್ಲಿ ಬೇರೇನೋ ಇತ್ತು. ಅದು ತಿಳಿಯೋಕೆ ನನ್ನ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ಬಾವುಟ ಬಿಡಿಸಿ ತೋರಿಸಬೇಕಾಯಿತು. ನಮ್ಮ ಮನೆಗೆ ಬಾವುಟ ಇಲ್ಲದಿದ್ದರೂ ನಡೆಯುತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ನಿಮಗೆ ನಡೆಯುತ್ತಿರಲಿಲ್ಲ. ಇದು ನಿನಗೆ ಹತ್ತು ವರ್ಷಕ್ಕೇ ಗೊತ್ತಿತ್ತು, ಅಲ್ವಾ?

ಆ ರಾತ್ರಿ ಕೂತು ಓದಿದೆ. ನಾವು ಚಿಕ್ಕವರಿದ್ದಾಗ ಸಾಮಾನ್ಯ ಜನ ಬೇಕೆಂದ ದಿನ ಬಾವುಟ ಹಾರಿಸುವಂತಿರಲಿಲ್ಲ. 2002ರ ಜನವರಿ 26ರಿಂದ ಆ ನಿರ್ಬಂಧ ತೆಗೆದರು. 2004ರಲ್ಲಿ ಸುಪ್ರೀಂ ಕೋರ್ಟು, ಗೌರವದಿಂದ ಬಾವುಟ ಹಾರಿಸುವುದು ನಾಗರಿಕರ ಮೂಲಭೂತ ಹಕ್ಕು ಅಂದಿತು. ಹಕ್ಕು ಅಂದಿದೆ ನೋಡು. ಹಾರಿಸದವರ ಮನೆ ನಂಬರ್ ಬರೆಯಿರಿ ಅಂತ ಯಾರೂ ನನಗೆ ಹೇಳಿರಲಿಲ್ಲ. ಆ ಕೆಲಸ ನಾನೇ ಮೈಮೇಲೆ ಹಾಕಿಕೊಂಡೆ. ಮಗಳ ಪ್ರಾಜೆಕ್ಟಿನಲ್ಲಿ "ನಾವೆಲ್ಲ ಒಂದು" ಅಂತ ದೊಡ್ಡ ಅಕ್ಷರದಲ್ಲಿ ಬರೆಸಿದವನೂ ನಾನೇ.

ಬೆಳಿಗ್ಗೆ ಐದಕ್ಕೆ ಪಟ್ಟಿ ಅಳಿಸಿದೆ. ಅಷ್ಟು ಹೊತ್ತಿಗೆ ಎಲ್ಲರೂ ನೋಡಿಯಾಗಿತ್ತು. ಧ್ವಜ ಹಾರಿಸಿ, ಲಾಡು ಹಂಚಿ, ಎಲ್ಲ ಮುಗಿದಮೇಲೆ ಆ ಮನೆಗೆ ಹೋದೆ. ಆ ಹುಡುಗಿಯ ಗಂಡ ಬಾಗಿಲು ತೆಗೆದ. ಒಳಗೆ ಬನ್ನಿ ಅಂದ. ಹೇಳಬೇಕೆಂದಿದ್ದು ಬಾಯಿಗೆ ಬರಲಿಲ್ಲ. ನೀರು ಸರಿಯಾಗಿ ಬರ್ತಿದೆಯಾ ಅಂತ ಕೇಳಿ ವಾಪಸ್ ಬಂದೆ. ಎರಡನೇ ಸಲ, ಭಾನುವಾರ, ಅವ್ವನನ್ನು ಕರೆದುಕೊಂಡು ಹೋದೆ. ಆಗ ಹೇಳಿದೆ. ತಪ್ಪಾಯಿತು ಅಂದೆ. "ಪರವಾಗಿಲ್ಲ ಸರ್, ಬಿಡಿ," ಅಂದರು ಇಬ್ಬರೂ, ತುಂಬ ಬೇಗ ಅಂದರು. ಅವರು ನಿಜವಾಗಿ ಬಿಟ್ಟಿದ್ದಾರೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವ್ವ ಮಾತ್ರ ಒಳಗೆ ಹೋಗಿ ಕೂತು, ಮಗುವಿನ ಅಂಗಿಯ ತೋಳು ಬಿಗಿ ಆಗಿದೆ ಅಂತ ಬಿಚ್ಚಿಸಿ, ಅದನ್ನು ಸಡಿಲ ಮಾಡಿಕೊಡೋಕೆ ಮನೆಗೆ ತಂದಳು.

ಗ್ರೂಪಿನಲ್ಲಿಯೂ ಕ್ಷಮೆ ಕೇಳಿದ್ದೇನೆ. ಇಬ್ಬರು ಒಳ್ಳೆಯದಾಯಿತು ಅಂದರು. ಇಬ್ಬರಿಗೆ ನನ್ನ ಮೇಲೆ ಸಿಟ್ಟಿದೆ. ಉಳಿದವರು ಪಾರ್ಕಿಂಗ್ ವಿಷಯಕ್ಕೆ ಹೋದರು.

ಅದೇ ಭಾನುವಾರ ಸಂಜೆ ಅವ್ವ ಬಾಲ್ಕನಿಯ ಬಾವುಟ ಬಿಚ್ಚಿದಳು. ಮಂಚದ ಮೇಲೆ ಹಾಸಿ, ಕೇಸರಿ ಮತ್ತು ಹಸಿರನ್ನು ಬಿಳಿಯ ಕೆಳಗೆ ಮಡಿಚಿದಳು. ಆಮೇಲೆ ಎರಡೂ ಕಡೆಯಿಂದ ಚಕ್ರದ ಹತ್ತಿರಕ್ಕೆ ಮಡಿಚಿದಳು. ಬೆಂಗೇರಿಯಲ್ಲಿ ಖಾದಿ ಬಾವುಟವನ್ನು ಹೇಗೆ ಮಡಿಚುತ್ತಿದ್ದಳೋ ಹಾಗೇ. ಪಾಲಿಯೆಸ್ಟರ್ ಮಡಿಕೆ ನಿಲ್ಲದೆ ಜಾರುತ್ತಿತ್ತು. ಜಾರಿದಾಗೆಲ್ಲ ಅಂಗೈಯಿಂದ ಒತ್ತಿ ಮತ್ತೆ ಸರಿ ಮಾಡಿದಳು. ಮಗಳು ಪಕ್ಕದಲ್ಲಿ ಕೂತು ಕಲಿತಳು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಇಷ್ಟು ಬರೆಯಬೇಕೆಂದಿರಲಿಲ್ಲ. ಫೋನ್ ಯಾಕೆ ಎತ್ತಲಿಲ್ಲ ಅಂತ ಹೇಳಿ ಮುಗಿಸೋಣ ಅಂತ ಕೂತಿದ್ದೆ. ಆ ಎರಡು ದಿನ ನೀನು ಹಿಂದಿನ ಬೆಂಚಿನಲ್ಲಿ ಯಾಕೆ ಕೂತಿದ್ದೆ ಅಂತ ಈಗ ಕೇಳುತ್ತಿದ್ದೇನೆ. ಹೇಳಬೇಕು ಅನ್ನಿಸಿದರೆ ಹೇಳು. ಇಲ್ಲಿ ಬೇಡ, ಫೋನಿನಲ್ಲಿ. ಈ ಸಲ ಮೊದಲ ರಿಂಗಿಗೇ ಎತ್ತುತ್ತೇನೆ.

ದಸರಾ ರಜೆಗೆ ಪುಣೆಯಿಂದ ಎಲ್ಲರೂ ಬನ್ನಿ. ಚಾಚಾನನ್ನೂ ಕರೆದುಕೊಂಡು ಬಾ, ಮೆಟ್ಟಿಲು ಹತ್ತಬೇಕಿಲ್ಲ, ಲಿಫ್ಟ್ ಇದೆ ಅಂತ ಹೇಳು. ಅವ್ವ ಈಗಲೇ ಜೋಳದ ಹಿಟ್ಟು ಬೀಸಿಸಿ ಇಡುವ ಮಾತಾಡುತ್ತಿದ್ದಾಳೆ. ನಿನ್ನ ಹೆಂಡತಿಯ ರವಿಕೆ ಅಳತೆ ಬದಲಾಗಿದೆಯಾ ಅಂತಲೂ ಕೇಳಿದ್ದಾಳೆ, ತಿಳಿಸು. ಮತ್ತೆ ಗಿರ್ಮಿಟ್ಟಿನ ಲೆಕ್ಕ ಇನ್ನೂ ಬಾಕಿ ಇದೆ. ಮೂರು ಪ್ಲೇಟು. ನಾನು ಮರೆತಿಲ್ಲ.

ನಿನ್ನ
ಅದೇ ಬೆಂಚಿನವನು