ಗುತ್ತಿಯ ನೀಲಿ ಜೇಡ ಬೇಡ, ರಾಘು

ಪ್ರಿಯ ರಾಘು,

ನಿನ್ನ ಪತ್ರ ಓದಿ ಬಹಳ ಖುಷಿಯಾಯಿತು. ಡೆನ್ವರ್‌ನ ಮನೆಯಲ್ಲೊಂದು ಟರಾಂಟುಲಾ, ಅಂದರೆ ಮೈತುಂಬ ರೋಮವಿರುವ ದೊಡ್ಡ ಜೇಡ, ಸಾಕಬೇಕೆಂದು ಅಪ್ಪ, ಮಗಳು ಇಬ್ಬರೂ ಪಟ್ಟು ಹಿಡಿದಿದ್ದೀರಿ, ‘ಪೆಟ್ಟಿಗೆಯಿಂದ ಹೊರಗೆ ಬರದಿದ್ದರೆ ಸರಿ’ ಎಂದು ಲತಾ ಕೂಡ ಒಪ್ಪಿದ್ದಾಳೆ ಎಂದ ಮೇಲೆ ಅರ್ಧ ಕೆಲಸ ಮುಗಿದಂತೆಯೇ. ಆದರೆ ನೀನು ಮನಸ್ಸಿನಲ್ಲಿ ಆರಿಸಿಕೊಂಡಿರುವ ಜೇಡದ ಬಗ್ಗೆ ನನಗೆ ತಕರಾರಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

‘ಬಳ್ಳಾರಿಯವನಾಗಿ ನೆರೆಯ ಆಂಧ್ರದ ಗುತ್ತಿಯ ಜೇಡವನ್ನು ಬಿಟ್ಟು ಇನ್ನಾವುದನ್ನು ಸಾಕಲಿ’ ಎಂದು ಕೇಳಿದ್ದೀಯೆ. ಆ ಅಭಿಮಾನ ನನಗೆ ಅರ್ಥವಾಗುತ್ತದೆ. ನೂರಾರು ಜಾತಿಯ ಟರಾಂಟುಲಾಗಳ ನಡುವೆ ಪೊಸಿಲೋಥೀರಿಯಾ ಮೆಟಾಲಿಕಾದ, ಅಂದರೆ ನಿನ್ನ ಗುತ್ತಿಯ ಜೇಡದ, ಆ ನೀಲಿಗೆ ಸಾಟಿಯಾಗುವ ಬಣ್ಣ ಕಡಿಮೆ. 1899ರಲ್ಲಿ ಪೋಕಾಕ್ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಅದಕ್ಕೆ ಹೆಸರಿಟ್ಟಾಗ ಅವನ ಕೈಯಲ್ಲಿದ್ದದ್ದು ಗುತ್ತಿಯ ರೈಲ್ವೆ ಮರದ ದಾಸ್ತಾನಿನಲ್ಲಿ ಸಿಕ್ಕ ಒಂದು ಮಾದರಿ. ಅಲ್ಲಿಂದ ಒಂದು ಶತಮಾನ ಅದರ ಸುಳಿವೇ ಇರಲಿಲ್ಲ. 2001ರಲ್ಲಿ ಮತ್ತೆ ಕಂಡದ್ದು ಗುತ್ತಿಯಲ್ಲಲ್ಲ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಮರದ ದಿಮ್ಮಿಯ ಜೊತೆ ರೈಲು ಹತ್ತಿ ಗುತ್ತಿಗೆ ಬಂದಿದ್ದಿರಬೇಕು. ಈಗಲೂ ಅದರ ನೆಲೆ ತೀರಾ ಚಿಕ್ಕದು, ಅದೂ ಸೌದೆಗಾಗಿ ಸವೆಯುತ್ತಿರುವ ಕಾಡು. ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಜಾಗತಿಕ ಪಟ್ಟಿಯಲ್ಲಿ ಅದು ಅತ್ಯಂತ ಗಂಭೀರ ಸ್ಥಿತಿಯ ಗುಂಪಿನಲ್ಲಿದೆ.

ಅಮೆರಿಕದಲ್ಲಿ ಮಾರಾಟಕ್ಕೆ ಸಿಗುವ ಮೆಟಾಲಿಕಾಗಳು ಹೆಚ್ಚಾಗಿ ಇಲ್ಲಿಯೇ ತಲೆಮಾರುಗಳಿಂದ ಸಾಕಿ ಬೆಳೆಸಿದವು, ನಿಜ. ಆದರೂ ಅದು ಮೊದಲ ಜೇಡವಾಗಬಾರದು. ಏಷ್ಯಾ, ಆಫ್ರಿಕಾದ ಟರಾಂಟುಲಾಗಳಿಗೆ ಅಮೆರಿಕ ಖಂಡಗಳ ಬಹುಪಾಲು ಜಾತಿಗಳಿಗಿರುವಂತೆ, ಶತ್ರುವಿನತ್ತ ಕೊಡವಲು ಹೊಟ್ಟೆಯ ಮೇಲೆ ತುರಿಕೆಯ ರೋಮಗಳಿಲ್ಲ. ಓಡಬೇಕು, ಇಲ್ಲವೇ ಕಚ್ಚಬೇಕು, ಅವಕ್ಕಿರುವುದು ಎರಡೇ ದಾರಿ. ಪೊಸಿಲೋಥೀರಿಯಾ ಎರಡರಲ್ಲೂ ಚುರುಕು. ಮುಚ್ಚಳ ತೆಗೆದು ನೀರಿನ ಬಟ್ಟಲಿಗೆ ಕೈ ಹಾಕುವಷ್ಟರಲ್ಲಿ ಅದು ನಿನ್ನ ಭುಜದ ಮೇಲಿರಬಹುದು. ಕಚ್ಚಿದರೆ ಪ್ರಾಣ ಹೋಗುವುದಿಲ್ಲ, ಆದರೆ ವಿಪರೀತ ನೋವು, ಮೇಲೆ ದಿನಗಟ್ಟಲೆ ಮರುಕಳಿಸುವ ಸ್ನಾಯು ಸೆಳೆತ. ಒಂಬತ್ತು ವರ್ಷದ ಮಗುವಿರುವ ಮನೆಗೆ, ಜೇಡದ ನಡಿಗೆಯನ್ನೇ ಇನ್ನೂ ನೋಡಿ ಅಭ್ಯಾಸವಿಲ್ಲದ ಕೈಗಳಿಗೆ, ಅದನ್ನು ತರಬೇಡ.

ಹಾಗಾದರೆ ಯಾವುದು? ನನ್ನ ಮತ ಗ್ರಾಮೋಸ್ಟೋಲಾ ಪುಲ್ಕ್ರಿಪೆಸ್‌ಗೆ. ಪರಾಗ್ವೆ, ಅರ್ಜೆಂಟೀನಾಗಳ ಚಾಕೋ ಬಯಲಿನದು, ಕಾಲಿನ ಗೆಣ್ಣುಗಳ ಮೇಲೆ ಹೊಂಬಣ್ಣದ ಪಟ್ಟಿಗಳು. ದೊಡ್ಡದಾಗಿ ಬೆಳೆಯುತ್ತದೆ, ಕಾಲು ಚಾಚಿದರೆ ನಿನ್ನ ಅಂಗೈ ಮೀರುತ್ತದೆ, ಆದರೂ ಅದರ ಸಮಾಧಾನ ನೋಡಬೇಕು. ಒಂದು ಕಾಲು ಎತ್ತಿ, ಯೋಚಿಸಿದಂತೆ ನಿಂತು, ಆಮೇಲೆ ಇಡುತ್ತದೆ. ಡೆನ್ವರ್‌ನ ಒಣಹವೆ ಅದಕ್ಕೆ ಏನೂ ಅಲ್ಲ. ಮಧ್ಯ ಅಮೆರಿಕದ ಗುಂಗುರು ರೋಮದ ಟ್ಲಿಲ್ಟೋಕಾಟ್ಲ್ ಆಲ್ಬೋಪಿಲೋಸಸ್ ಕೂಡ ಒಳ್ಳೆಯದೇ, ಗಟ್ಟಿ ಜೀವ, ಅಗ್ಗದಲ್ಲೂ ಸಿಗುತ್ತದೆ. ಮೆಕ್ಸಿಕೋದ ಕೆಂಪು ಮಂಡಿಯ ಜೇಡದ ಚೆಲುವಿನ ಬಗ್ಗೆ ಎರಡು ಮಾತಿಲ್ಲ, ಆದರೆ ರೋಮ ಕೊಡವುವುದರಲ್ಲಿ ಅದರ ಕೈ ಸ್ವಲ್ಪ ಮುಂದು.

ನಿಮ್ಮ ಕೊಲರಾಡೊದ ಲಾ ಹುಂಟಾದ ಹುಲ್ಲುಗಾವಲಿನಲ್ಲಿ ಶರತ್ಕಾಲದಲ್ಲಿ ರಸ್ತೆ ದಾಟುವ ಕಂದು ಜೇಡಗಳಲ್ಲಿ ಒಂದನ್ನು ಡಬ್ಬಿಯಲ್ಲಿ ಹಿಡಿದು ತಂದರಾಗದೇ ಎಂದೂ ಕೇಳಿದ್ದೀಯೆ. ಬೇಡ. ಹಾಗೆ ಅಲೆಯುವವೆಲ್ಲ ಹೆಣ್ಣನ್ನು ಹುಡುಕಿ ಬಿಲ ಬಿಟ್ಟ ಪ್ರಾಯದ ಗಂಡುಗಳು. ವರ್ಷಗಟ್ಟಲೆ ಮಣ್ಣೊಳಗೆ ಬೆಳೆದು, ಕೊನೆಯ ಕೆಲವು ವಾರಗಳಿಗಾಗಿ ಹೊರಬಿದ್ದಿರುತ್ತವೆ. ಹೆಚ್ಚಿನವು ಮುಂದಿನ ಬೇಸಿಗೆ ಕಾಣುವುದಿಲ್ಲ. ಅವುಗಳ ದಾರಿಗೆ ಅಡ್ಡ ಬರಬೇಡ, ನಿಂತು ನೋಡಿ ಬಾ.

ಕೊಳ್ಳುವಾಗಲೂ ಇದೇ ಗಂಡು ಹೆಣ್ಣಿನ ಲೆಕ್ಕ ಬರುತ್ತದೆ. ಈ ಜಾತಿಗಳ ಹೆಣ್ಣು ಇಪ್ಪತ್ತು ವರ್ಷ ಸಲೀಸಾಗಿ ಬಾಳುತ್ತದೆ. ಗಂಡು ಕೆಲವು ವರ್ಷಕ್ಕೆ ಪ್ರಾಯಕ್ಕೆ ಬಂದು, ಆಮೇಲೆ ಬಹಳ ದಿನ ಉಳಿಯುವುದಿಲ್ಲ. ಉಗುರಿನಷ್ಟು ಮರಿಗೆ ಬೆಲೆ ಕಡಿಮೆ, ಆದರೆ ಗಂಡೋ ಹೆಣ್ಣೋ ತಿಳಿಯದು, ನೀರು ಆಹಾರದಲ್ಲಿ ಹೆಚ್ಚುಕಡಿಮೆಯಾದರೆ ಬೇಗ ಸೋಲುತ್ತದೆ. ನೀನು ಐದಾರು ಸೆಂಟಿಮೀಟರ್ ಕಾಲಗಲದ (ಚಾಚಿದ ಕಾಲುಗಳ ತುದಿಯಿಂದ ತುದಿಗೆ), ಹೆಣ್ಣೆಂದು ಖಚಿತವಾದ ಎಳೆಯ ಜೇಡವನ್ನು ಕೇಳು. ಬಿಟ್ಟ ಪೊರೆಯ ಒಳಭಾಗವನ್ನು ಭೂತಗನ್ನಡಿಯಲ್ಲಿ ನೋಡಿ ಹೆಣ್ಣೆಂದು ಗುರುತಿಸುತ್ತಾರೆ. ಹೇಗೆ ಖಚಿತಪಡಿಸಿಕೊಂಡಿರಿ ಎಂದು ಮಾರುವವರನ್ನು ಕೇಳಲು ಸಂಕೋಚ ಬೇಡ.

ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು, ಇದು ಹುಟ್ಟಿದ್ದೆಲ್ಲಿ ಎಂದು. ನಾನು ಇಷ್ಟುದ್ದ ಬರೆಯುತ್ತಿರುವುದೇ ಈ ಒಂದು ಪ್ರಶ್ನೆಗಾಗಿ. ಮನೆಯಲ್ಲಿ ಮೊಟ್ಟೆಚೀಲದಿಂದ ಮರಿ ಮಾಡಿಸಿದವರು ತಾಯಿ ಯಾವುದು, ಮರಿ ಹೊರಬಂದದ್ದು ಯಾವಾಗ, ಕೊನೆಯ ಪೊರೆ ಯಾವ ತಿಂಗಳು ಎಂದೆಲ್ಲ ತಡವರಿಸದೆ ಹೇಳುತ್ತಾರೆ. ‘ಗೊತ್ತಿಲ್ಲ, ಸಗಟು ವ್ಯಾಪಾರಿಯಿಂದ ಬಂತು’ ಎಂದರೆ ಮುಂದಿನ ಮಾರಾಟಗಾರರ ಮೇಜಿಗೆ ಹೋಗು. ನಿಧಾನವಾಗಿ ಬೆಳೆಯುವ ಜಾತಿಯ ದೊಡ್ಡ ಹೆಣ್ಣು ತೀರಾ ಅಗ್ಗಕ್ಕೆ ಸಿಕ್ಕಿದರೂ ಅನುಮಾನಿಸಬೇಕು. ಏಳೆಂಟು ವರ್ಷ ಊಟ ಹಾಕಿ ಬೆಳೆಸಿದವರು ಆ ಬೆಲೆಗೆ ಕೊಡುವುದಿಲ್ಲ, ಅದನ್ನು ಯಾವುದೋ ಬಿಲದಿಂದ ಅಗೆದು ತಂದಿರುತ್ತಾರೆ. ತಡವಾಗಿ ಪ್ರಾಯಕ್ಕೆ ಬರುವ ಪ್ರಾಣಿಯ ತಾಯಿಗಳನ್ನು ಹಾಗೆ ಎತ್ತಿಬಿಟ್ಟರೆ ಆ ಜಾಗ ಮತ್ತೆ ತುಂಬಲು ದಶಕಗಳು ಬೇಕು. ಕೆಂಪು ಮಂಡಿಯ ಜೇಡ 1985ರಲ್ಲೇ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪಟ್ಟಿಗೆ ಸೇರಬೇಕಾಗಿ ಬಂದದ್ದು ಸಾಕುವವರ ಬೇಡಿಕೆಯ ಭಾರಕ್ಕೆ. ನಮ್ಮ ಪಶ್ಚಿಮಘಟ್ಟದ ಜೇಡಗಳಿಗೂ ಅದೇ ಗತಿ ಬರಬಾರದೆಂಬ ಕಳಕಳಿ ನಿನಗೂ ಇದೆ ಎಂದು ನನಗೆ ಗೊತ್ತು.

ಇನ್ನೊಂದು ಮಾತು, ಇದನ್ನು ಇಲ್ಲಿನ ಪುಸ್ತಕಗಳು ಹೇಳುವುದಿಲ್ಲ. ನೀನಿರುವುದು ವೀಸಾ ಮೇಲೆ. ಜೇಡದ ಆಯಸ್ಸು ಇಪ್ಪತ್ತು ವರ್ಷ. ನಾಳೆ ಬಳ್ಳಾರಿಗೆ ಹೊರಟು ನಿಂತರೆ ಅದನ್ನು ಚೀಲದಲ್ಲಿಟ್ಟುಕೊಂಡು ಹೋಗಲು ಬರುವುದಿಲ್ಲ. 2022ರ ತಿದ್ದುಪಡಿಯ ನಂತರ ಸೈಟ್ಸ್ ಪಟ್ಟಿಯ ಪ್ರಾಣಿಗಳೂ ಭಾರತದ ವನ್ಯಜೀವಿ ಕಾಯ್ದೆಯೊಳಗೆ ಬಂದಿವೆ. ಹಾಗಾಗಿ ತರುವ ಮೊದಲೇ ಅದನ್ನು ವಹಿಸಿಕೊಳ್ಳುವವರು ಯಾರೆಂದು ತೀರ್ಮಾನಿಸು. ಯಾರೂ ಸಿಗದಿದ್ದರೆ ನನ್ನ ಹೆಸರು ಬರೆದುಕೋ, ನಾನಿರುವ ಟೂಸಾನ್‌ವರೆಗೆ ಕಾರಿನಲ್ಲಿ ತಂದು ಬಿಟ್ಟರಾಯಿತು.

ಚಳಿಗಾಲದಲ್ಲಿ ಕೊರಿಯರ್ ಮೂಲಕ ತರಿಸಬೇಡ, ಡೆನ್ವರ್‌ನ ಹಿಮದಲ್ಲಿ ಒಂದು ರಾತ್ರಿ ಪೊಟ್ಟಣ ತಡವಾದರೆ ಮುಗಿಯಿತು. ಹಾವು, ಹಲ್ಲಿಗಳ ಜೊತೆ ಜೇಡಗಳನ್ನೂ ಮಾರುವ ಸರೀಸೃಪ ಮೇಳಕ್ಕೇ ಹೋಗಿ ಕಣ್ಣಾರೆ ನೋಡಿ ತಾ. ಡಬ್ಬಿಯನ್ನು ಬೆಳಕಿಗೆ ಹಿಡಿ. ಕಾಲುಗಳು ಚಾಚಿಕೊಂಡಿರಬೇಕು. ಜೇಡ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ, ನೀರು ಬತ್ತಿದರೆ ಎಲ್ಲವೂ ಹೊಟ್ಟೆಯಡಿಗೆ ಮಡಚಿಕೊಳ್ಳುತ್ತವೆ. ಹೊಟ್ಟೆ ತುಂಬಿರಲಿ, ಸುಕ್ಕುಗಟ್ಟಿರಬಾರದು. ಡಬ್ಬಿಯ ತಳದಿಂದ ಬಾಯಿಯ ಕಡೆ ನೋಡು, ಕೋರೆಗಳ ನಡುವೆ ಬಿಳಿ ಲೋಳೆಯಿದ್ದರೆ ಅದು ಹುಳುಬಾಧೆ ಇರಬಹುದು, ಕೊಳ್ಳಬೇಡ. ಒಂದು ಕಾಲಿಲ್ಲದಿದ್ದರೆ ಚಿಂತೆಯಿಲ್ಲ, ಪೊರೆ ಬಿಡುತ್ತಾ ಮತ್ತೆ ಬೆಳೆಯುತ್ತದೆ. ಡಬ್ಬಿಯ ಮೇಲೆ ವೈಜ್ಞಾನಿಕ ಹೆಸರು ಬರೆದಿರಲೇಬೇಕು.

ಪೆಟ್ಟಿಗೆಯನ್ನು ಮೊದಲೇ ಸಿದ್ಧಮಾಡಿಡು. ಅಗಲ ಜೇಡದ ಕಾಲಗಲದ ಮೂರರಷ್ಟು ಸಾಕು. ಎತ್ತರ ಮಾತ್ರ ಬೇಡವೇ ಬೇಡ, ಮಣ್ಣಿನಿಂದ ಮುಚ್ಚಳಕ್ಕೆ ಒಂದೂವರೆ ಕಾಲಗಲ ದಾಟಬಾರದು. ಗಾಜು ಹತ್ತಿ ಕೆಳಗೆ ಬಿದ್ದರೆ ಅದರ ಹೊಟ್ಟೆ ನೀರು ತುಂಬಿದ ಬಲೂನಿನಂತೆ ಒಡೆಯುತ್ತದೆ. ತಂತಿ ಬಲೆಯ ಮುಚ್ಚಳವೂ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ತೆಂಗಿನ ನಾರಿನ ಪುಡಿಯನ್ನು ದಪ್ಪಗೆ ಒತ್ತಿ ಹರಡು, ಒಂದು ತೊಗಟೆ, ಒಂದು ನೀರಿನ ಬಟ್ಟಲು ಇಡು. ಶಾಖದ ದೀಪ, ಶಾಖದ ಹಾಸು ಎಂದು ಅಂಗಡಿಯವರು ತೋರಿಸಿದರೆ ದುಡ್ಡು ಉಳಿಸು, ಮನೆಯೊಳಗೆ ನಿಮಗೆ ಹಿತವಾದ ಬಿಸುಪು ಅದಕ್ಕೂ ಹಿತವೇ. ನಿಮ್ಮ ಅಪಾರ್ಟ್‌ಮೆಂಟಿನವರು ಜಿರಳೆ ಔಷಧ ಹೊಡೆಯಲು ಬರುವ ದಿನಗಳನ್ನು ಮೊದಲೇ ವಿಚಾರಿಸಿಕೋ. ಜಿರಳೆಯನ್ನು ಕೊಲ್ಲುವ ಮದ್ದು ಜೇಡವನ್ನೂ ಬಿಡುವುದಿಲ್ಲ.

ವಾರಕ್ಕೊಂದು ಕ್ರಿಕೆಟ್ ಹುಳು ಸಾಕು. ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಕೂರುತ್ತದೆ, ನೀನು ಗಾಬರಿಯಾಗಬೇಡ, ನೀರು ತಪ್ಪಿಸಬೇಡ. ಒಂದು ಬೆಳಿಗ್ಗೆ ಅದು ಬೆನ್ನ ಮೇಲೆ ಮಲಗಿ, ಎಂಟು ಕಾಲೂ ಮೇಲಕ್ಕೆತ್ತಿ ಸತ್ತಂತೆ ಬಿದ್ದಿರುತ್ತದೆ. ಆಗ ಮುಟ್ಟಿದರೆ ಕೆಟ್ಟಿತು, ಅದು ಪೊರೆ ಬಿಡುತ್ತಿರುತ್ತದೆ. ಎದೆಯ ಮೇಲಿನ ಗಟ್ಟಿ ತಟ್ಟೆ ಮುಚ್ಚಳದಂತೆ ತೆರೆದು, ಹಳೆಯ ಕಾಲುಗಳೊಳಗಿಂದ ಹೊಸ ಕಾಲುಗಳು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರಿ ಹೊರಬರುತ್ತವೆ. ಹೊಸ ಕೋರೆಗಳು ಹಾಲಿನಂತೆ ಬಿಳುಪಾಗಿರುತ್ತವೆ, ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತವೆ. ಕಪ್ಪಾಗುವವರೆಗೆ ಆಹಾರ ಹಾಕಬೇಡ, ಹುಳು ಒಳಗಿದ್ದರೆ ಮೊದಲೇ ತೆಗೆದುಬಿಡು, ಮೆತ್ತಗಿರುವ ಜೇಡವನ್ನು ಹುಳುವೇ ಕಚ್ಚುತ್ತದೆ.

ಕೈಯಲ್ಲಿ ಹಿಡಿಯಲು ಮಗಳಿಗೆ ಬಿಡಬೇಡ. ಜೇಡಕ್ಕೆ ಅದರಿಂದ ಸುಖವಿಲ್ಲ, ಬಿದ್ದರೆ ಪ್ರಾಣವೇ ಹೋಗುತ್ತದೆ. ರೋಮ ಕಣ್ಣಿಗೆ ಹೊಕ್ಕರೆ ಕಣ್ಣಿನ ವೈದ್ಯರ ಬಳಿಗೇ ಓಡಬೇಕು. ಉದ್ದನೆಯ ಚಿಮಟದಲ್ಲಿ ಬಟ್ಟಲಿಗೆ ನೀರು ತುಂಬಿಸುವ, ಪೊರೆ ಬಿಟ್ಟ ದಿನವನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಅವಳಿಗೆ ವಹಿಸು. ಒಂಬತ್ತರ ಹುಡುಗಿಗೆ ಅದು ದೊಡ್ಡ ಜವಾಬ್ದಾರಿ, ಚೆನ್ನಾಗಿಯೇ ಮಾಡುತ್ತಾಳೆ.

ಮೇಳದ ದಿನ ಗೊತ್ತಾದರೆ ತಿಳಿಸು. ನಾನು ಬಿಡುವು ಮಾಡಿಕೊಂಡು ವೀಡಿಯೊ ಕರೆಯಲ್ಲಿರುತ್ತೇನೆ. ಡಬ್ಬಿಯನ್ನು ಕ್ಯಾಮೆರಾಗೆ ಹಿಡಿದು ತೋರಿಸು, ಹುಟ್ಟಿದ್ದೆಲ್ಲಿ ಎಂಬ ಪ್ರಶ್ನೆಯನ್ನು ನೀನೇ ಕೇಳು, ಉತ್ತರ ನನಗೂ ಕೇಳಿಸಲಿ. ಲತಾಳಿಗೆ ನಮಸ್ಕಾರ ತಿಳಿಸು.

ನಿನ್ನ,
ಶ್ರೀಧರ