ನಮ್ಮ ಬುಕ್‌ಶೆಲ್ಫ್ ಸ್ಪೀಕರ್ ಮುಖ ಯಾಕೆ ಬದಲಾಯ್ತು: ಗ್ರಾಹಕರಿಗೆ ಒಂದು ಪತ್ರ

ಎಲ್ಲರಿಗೂ ನಮಸ್ಕಾರ,

ಆರೂವರೆ ಇಂಚಿನ ವೂಫರ್ (ದಪ್ಪ ಸದ್ದು, ಮಧ್ಯದ ಸದ್ದು ಕೊಡೋ ದೊಡ್ಡ ಕೋನು) ಇರೋ ನಮ್ಮ ಬುಕ್‌ಶೆಲ್ಫ್ ಸ್ಪೀಕರ್‌ನ ಇನ್ನು ಮುಂದೆ ಹಳೇ ರೂಪದಲ್ಲಿ ಮಾಡಲ್ಲ. ವೂಫರ್ ಅದೇ, ಪ್ಲೈವುಡ್ಡೂ ಅದೇ, ಆದ್ರೆ ಟ್ವೀಟರ್ (ಕೀಚು ಸದ್ದು ಕೊಡೋ ಸಣ್ಣದು) ಚಪ್ಪಟೆ ಹಲಗೆ ಮೇಲೆ ಕೂರೋ ಬದಲು ವೇವ್‌ಗೈಡ್ ಅನ್ನೋ ಆಳವಿಲ್ಲದ ಬಟ್ಟಲಿನಂಥ ಬಾಯಿ ಒಳಗೆ ಕೂರತ್ತೆ, ಸದ್ದನ್ನ ವೂಫರಿಗೂ ಟ್ವೀಟರಿಗೂ ಹಂಚೋ ಸರ್ಕ್ಯೂಟ್, ಅಂದ್ರೆ ಕ್ರಾಸ್ಓವರ್, ಪೂರ್ತಿ ಹೊಸದು, ಪೆಟ್ಟಿಗೆ ಅಗಲ ಸುಮಾರು ಒಂದಿಂಚು ಜಾಸ್ತಿ, ಬೆಲೆ ಜೋಡಿಗೆ 6,000 ರೂಪಾಯಿ ಜಾಸ್ತಿ ಆಗತ್ತೆ. ದುಡ್ಡು ಕೊಡೋರಿಗೆ ಕಾರಣ ಗೊತ್ತಿರ್ಬೇಕು, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತಿದೀವಿ.

ನಮ್ಮ ಊರುಗಳ ಹಾಲ್ ಹೇಗಿರತ್ತೆ ಅಂತ ನಿಮಗೇ ಗೊತ್ತು, ಹನ್ನೆರಡಕ್ಕೆ ಹದಿನೈದು ಅಡಿ, ಕೆಳಗೆ ವಿಟ್ರಿಫೈಡ್ ಟೈಲ್ಸ್, ಸುತ್ತ ಸಿಮೆಂಟ್ ಗೋಡೆ, ಮೇಲೆ ಆರ್‌ಸಿಸಿ, ಕಾರ್ಪೆಟ್ ಅನ್ನೋದು ಅಪರೂಪ. ಇಂಥ ರೂಮಲ್ಲಿ ಸ್ಪೀಕರಿಂದ ನೇರ ಬರೋ ಸದ್ದಿನ ಹಿಂದೆನೇ ಪಕ್ಕದ ಗೋಡೆಗೆ, ನೆಲಕ್ಕೆ, ಸೀಲಿಂಗಿಗೆ ಬಡಿದು ಬರೋ ಸದ್ದೂ ಕೆಲವೇ ಮಿಲಿಸೆಕೆಂಡಲ್ಲಿ ಕಿವಿಗೆ ಸೇರತ್ತೆ, ದಾರಿ ಒಂದು ಮೀಟರ್ ಜಾಸ್ತಿ ಆದ್ರೆ ಸುಮಾರು 3 ಮಿಲಿಸೆಕೆಂಡ್ ತಡ, ಅಷ್ಟೇ. ದಿಕ್ಕನ್ನ ಕಿವಿ ಮೊದಲು ಬಂದ ಸದ್ದಿಂದನೇ ತೀರ್ಮಾನ ಮಾಡತ್ತೆ, ಆದ್ರೆ ದನಿಯ ಬಣ್ಣ ಇದೆಯಲ್ಲ, ಅದರಲ್ಲಿ ಹಿಂದೆ ಬಂದದ್ದೆಲ್ಲ ಸೇರ್ಕೊಳ್ಳತ್ತೆ. ಅಂದ್ಮೇಲೆ ಸ್ಪೀಕರ್ ಪಕ್ಕಕ್ಕೆ ಏನು ಕಳಿಸ್ತಿದೆ ಅನ್ನೋದು ಮುಂದಕ್ಕೆ ಕಳಿಸೋದರಷ್ಟೇ ಮುಖ್ಯ.

ಚಪ್ಪಟೆ ಹಲಗೆಯ ಟೂ-ವೇ ಸ್ಪೀಕರ್ (ಒಂದು ವೂಫರ್, ಒಂದು ಟ್ವೀಟರ್ ಇರೋದು) ಯಾರೇ ಮಾಡಿದ್ರೂ ಇಲ್ಲೊಂದು ತೊಡಕಿದೆ. ಆರೂವರೆ ಇಂಚಿನ ವೂಫರಲ್ಲಿ ನಿಜಕ್ಕೂ ಅಲುಗಾಡೋ ಭಾಗ ಸುಮಾರು 13 ಸೆಂಟಿಮೀಟರ್, 2.5 ಕಿಲೋಹರ್ಟ್ಸ್ ಸದ್ದಿನ ಅಲೆಯ ಉದ್ದನೂ ಹತ್ರ ಹತ್ರ 14 ಸೆಂಟಿಮೀಟರ್, ಹಾಗಾಗಿ ಅಷ್ಟು ಹೊತ್ತಿಗೆ ವೂಫರ್ ಸದ್ದು ಪಕ್ಕಕ್ಕೆ ಹರಡೋದು ಬಿಟ್ಟು ಮುಂದಕ್ಕೇ ಸಣ್ಣಗಾಗ್ತಾ ಹೋಗಿರತ್ತೆ. ಅಲ್ಲಿಂದ ಕೆಲಸ ತಗೊಳ್ಳೋ ಟ್ವೀಟರ್ ಒಂದಿಂಚಿಂದು, ಅದು ಆ ಫ್ರೀಕ್ವೆನ್ಸಿಲಿ ಎಡಕ್ಕೂ ಬಲಕ್ಕೂ ಧಾರಾಳವಾಗಿ ಚೆಲ್ಲತ್ತೆ. ಎದುರಿಗೆ ಮೈಕ್ ಇಟ್ಟು ಅಳೆದ್ರೆ ಗ್ರಾಫಿನ ಗೆರೆ ನೀಟಾಗಿ ಸಪಾಟು, 60 ಡಿಗ್ರಿ ಪಕ್ಕಕ್ಕೆ ಹೋದ್ರೆ ಮೊದಲೊಂದು ತಗ್ಗು, ಆಮೇಲೆ 3-4 ಕಿಲೋಹರ್ಟ್ಸ್ ಹತ್ರ ಉಬ್ಬು. ಬರಿಗೋಡೆ ಆ ಉಬ್ಬನ್ನ ಹಾಗೇ ವಾಪಸ್ ಕೊಡತ್ತೆ, ನಮ್ಮ ಕಿವಿ ತುಂಬಾ ಚುರುಕಾಗಿರೋದೂ ಅಲ್ಲೇ, ಹಾಗಾಗಿ ಪಿಟೀಲು, ಹಾರ್ಮೋನಿಯಂ, ಹಾಡೋರ ಶ-ಚ ಅಕ್ಷರಗಳು ಸ್ವಲ್ಪ ಚುಚ್ತವೆ, ಅರ್ಧ ಗಂಟೆ ಆದ್ಮೇಲೆ ವಾಲ್ಯೂಮ್ ಇಳಿಸೋಣ ಅನ್ಸತ್ತೆ. ಈಕ್ವಲೈಜರಲ್ಲಿ ಇದು ಸರಿಹೋಗಲ್ಲ, ಯಾಕಂದ್ರೆ ಪಕ್ಕದ್ದನ್ನ ಇಳಿಸೋಕೆ ಹೋದ್ರೆ ಎದುರಿಂದೂ ಜೊತೆಗೇ ಇಳಿಯತ್ತೆ.

ಇದು ನಮ್ಮೊಬ್ಬರ ಅಭಿಪ್ರಾಯ ಅಲ್ಲ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ ಅವ್ರು ಸ್ಪೀಕರ್ ಯಾವುದು ಅಂತ ಕಾಣದ ಹಾಗೆ ಪರದೆ ಹಿಂದಿಟ್ಟು ಜನರಿಗೆ ಕೇಳಿಸಿ, 1980ರ ದಶಕದಲ್ಲೇ ತೋರಿಸಿಕೊಟ್ರು, ಎದುರಿಗೆ ಸಪಾಟಾಗಿದ್ದು ಪಕ್ಕಕ್ಕೂ ಏರುಪೇರಿಲ್ಲದೆ ನುಣುಪಾಗಿ ಇಳಿಯೋ ಸ್ಪೀಕರನ್ನೇ ಹೆಚ್ಚು ಜನ ಮೆಚ್ತಾರೆ ಅಂತ.

ಬಾಯಿ ಸುತ್ತ ಅಂಗೈ ಹಿಡಿದು ಕೂಗಿದ್ರೆ ದನಿ ಹೇಗೆ ಒಂದು ಕಡೆಗೆ ಹೋಗತ್ತೋ ವೇವ್‌ಗೈಡ್ ಮಾಡೋದೂ ಅದೇ. ಅದರ ಅಗಲನ ವೂಫರ್ ಕೋನಿಗೆ ಹೊಂದೋ ಹಾಗೆ ಇಟ್ಟಿದೀವಿ, ಕೆಲಸ ಕೈ ಬದಲಾಗೋ ಜಾಗದಲ್ಲಿ ಎರಡೂ ಒಂದೇ ಥರ ಹರಡಬೇಕು ಅಂತ. ಜೊತೆಗೆ ಟ್ವೀಟರಿನ ಕೆಳಗಿನ ಫ್ರೀಕ್ವೆನ್ಸಿಗಳಿಗೆ ಬಲ ಬರತ್ತೆ, ಅದು ಕಮ್ಮಿ ಅಲುಗಾಡಿದ್ರೂ ಸಾಕು, ಹಾಗಾಗಿ ಕ್ರಾಸ್ಓವರನ್ನ 2.8ರಿಂದ 1.8 ಕಿಲೋಹರ್ಟ್ಸಿಗೆ ಇಳಿಸೋಕಾಯ್ತು, ವೂಫರ್ ಸದ್ದಿನ ಹರವು ಸಣ್ಣಗಾಗೋ ಮುಂಚೆನೇ ಟ್ವೀಟರ್ ಕೆಲಸ ತಗೊಳ್ಳತ್ತೆ. ಫಿನ್‌ಲ್ಯಾಂಡಿನ ಜೆನೆಲೆಕ್ ಸ್ಟುಡಿಯೋ ಮಾನಿಟರುಗಳಲ್ಲಿ ಈ ದಾರಿ ದಶಕಗಳಿಂದ ಇದೆ. ಫೋಟೋ ನೋಡಿದ ಕೆಲವ್ರು ಜಾತ್ರೆ ಮೈಕ್ ಸೆಟ್ ಹಾರ್ನ್ ಥರ ಕಿರುಚತ್ತಾ ಅಂತ ಕೇಳಿದ್ರು. ಇಲ್ಲ ಸ್ವಾಮಿ, ಅದು ಉದ್ದ ಕೊಳವೆ, ಸಣ್ಣ ಗಂಟಲು, ದೂರಕ್ಕೆ ಜೋರಾಗಿ ಕೇಳಿಸೋಕೆ ಮಾಡಿದ್ದು, ನಮ್ಮದರ ಆಳ ಎರಡು ಬೆರಳಷ್ಟೂ ಇಲ್ಲ, ಅಂಚೂ ಹಲಗೆಗೆ ನಯವಾಗಿ ಸೇರತ್ತೆ.

ಅಳತೆನೂ ಬದಲಾಗಿದೆ. ಸ್ಪೀಕರನ್ನ ತಿರುಗೋ ಟೇಬಲ್ ಮೇಲಿಟ್ಟು 10 ಡಿಗ್ರಿಗೊಂದರಂತೆ ಅಡ್ಡಕ್ಕೂ ಉದ್ದಕ್ಕೂ ಸುತ್ತಿಸಿ ಒಟ್ಟು 70 ಅಳತೆ ತಗೊಳ್ಳೋ ಪದ್ಧತಿ ಇದೆ, ಸಿಟಿಎ-2034 ಅಂತಾರೆ, ಅದನ್ನೇ ಅನುಸರಿಸ್ತಿದೀವಿ, ಅಷ್ಟೂ ಗೆರೆಗಳನ್ನ ಕೇಳಿದವರಿಗೆಲ್ಲ ಕಳಿಸ್ತೀವಿ. ಎದುರಿನ ಒಂದೇ ಗೆರೆ ತೋರಿಸಿ ಸ್ಪೀಕರ್ ಮಾರೋದು ನಿಲ್ಲಬೇಕು ಅನ್ನೋದು ನಮ್ಮ ಗಟ್ಟಿ ಅಭಿಪ್ರಾಯ.

ಬಾಸ್ ವಿಷಯ ಬೇರೆ. ಸುಮಾರು 300 ಹರ್ಟ್ಸಿಗಿಂತ ಕೆಳಗೆ ರೂಮಿನದ್ದೇ ಕಾರುಬಾರು, ಹನ್ನೆರಡು ಅಡಿ ಅಂತರದ ಎದುರುಬದುರು ಗೋಡೆಗಳು 47 ಹರ್ಟ್ಸ್ ಹತ್ರ ಗುಮ್ ಅಂತ ತುಂಬ್ಕೊಳ್ತವೆ, ವೇವ್‌ಗೈಡಿಗೂ ಅದಕ್ಕೂ ಸಂಬಂಧ ಇಲ್ಲ, ಸ್ಪೀಕರ್ ಜಾಗ ಅಥವಾ ಕೂರೋ ಜಾಗ ಸರಿಸಿ ನೋಡ್ಬೇಕು. ಡಚ್ ಅಂಡ್ ಡಚ್ 8ಸಿ ಅನ್ನೋ ಸ್ಪೀಕರ್ ಥರ ಪೆಟ್ಟಿಗೆ ಪಕ್ಕದಲ್ಲಿ ಸೀಳು ಬಿಟ್ಟು ಕೆಳಗೆ ಸುಮಾರು 100 ಹರ್ಟ್ಸ್‌ವರೆಗೂ ಹಿಂದಕ್ಕೆ ಹೋಗೋ ಸದ್ದನ್ನ ಕಡಿಮೆ ಮಾಡ್ತೀರಾ ಅಂತ ಕೇಳೋರಿದಾರೆ. ತುಂಬಾ ಒಳ್ಳೇ ಡಿಸೈನ್ ಅದು, ಆದ್ರೆ ಒಳಗೇ ಆಂಪ್ಲಿಫೈಯರ್, ಡಿಎಸ್‌ಪಿ (ಸದ್ದನ್ನ ಡಿಜಿಟಲ್ ಆಗಿ ತಿದ್ದೋ ಚಿಪ್) ಎಲ್ಲ ಬೇಕು, ನಿಮ್ಮ ಮನೇಲಿರೋ ಆಂಪ್ಲಿಫೈಯರಿಗೆ ಸಿಗಿಸಿ ಕೇಳೋ ಈ ಬೆಲೆಯ ಸ್ಪೀಕರಲ್ಲಿ ಆಗಲ್ಲ.

ಹೊಸದನ್ನ ಇಡೋವಾಗ ಎರಡೂ ಸ್ಪೀಕರನ್ನ ಚೆನ್ನಾಗಿ ಒಳಕ್ಕೆ ತಿರುಗಿಸಿ, ಅವುಗಳ ನೋಟ ನಿಮ್ಮ ಮುಂದೆ ಒಂದಡಿ ದೂರದಲ್ಲಿ ಒಂದನ್ನೊಂದು ದಾಟೋ ಹಾಗೆ. ಆಗ ಸೋಫಾದ ಎಡ ತುದಿಲಿ ಕೂತವ್ರಿಗೆ ಹತ್ರದ ಸ್ಪೀಕರ್ ಸ್ವಲ್ಪ ಮೆತ್ತಗೆ, ದೂರದ್ದು ನೇರವಾಗಿ ಕೇಳತ್ತೆ, ಹಾಡೋರು ಮಧ್ಯದಲ್ಲೇ ಇದ್ದ ಹಾಗಿರತ್ತೆ, ಮನೆಮಂದಿ ಎಲ್ಲ ಕೂತು ಕೇಳ್ಬಹುದು. ಎತ್ತರ ಮಾತ್ರ ಮರೀಬೇಡಿ, ಟ್ವೀಟರ್ ಕಿವಿ ಮಟ್ಟದಲ್ಲಿರ್ಲಿ, ತಗ್ಗಿನ ಟಿವಿ ಯೂನಿಟ್ ಮೇಲಿಟ್ರೆ ಮುಂಭಾಗ ಸ್ವಲ್ಪ ಎತ್ತಿ ಕೊಡಿ.

ಹಳೇ ಜೋಡಿ ಇರೋರು ಬದಲಾಯಿಸಲೇಬೇಕು ಅಂತಿಲ್ಲ, ಸ್ಪೀಕರ್ ಪಕ್ಕದ ಗೋಡೆ ಹತ್ರ ಪುಸ್ತಕ ತುಂಬಿರೋ ಕಪಾಟು ಇಟ್ರೆ ಚುಚ್ಚೋದು ಎಷ್ಟೋ ಕಮ್ಮಿ ಆಗತ್ತೆ, ತೆಳು ಕರ್ಟನ್ ಅಷ್ಟು ಸಾಲದು. ಹಳೇ ಪೆಟ್ಟಿಗೆಗೆ ವೇವ್‌ಗೈಡ್ ಹಾಕಿಕೊಡಿ ಅಂತ ದಯವಿಟ್ಟು ಕೇಳ್ಬೇಡಿ, ತೂತಿನ ಅಳತೆ, ಕ್ರಾಸ್ಓವರ್ ಯಾವುದೂ ಕೂಡಲ್ಲ. ರಿಪೇರಿ, ಬದಲಿ ಟ್ವೀಟರ್ ಎಲ್ಲ ಮುಂಚಿನ ಹಾಗೇ ಸಿಗತ್ತೆ. ಈಗಾಗ್ಲೇ ಅಡ್ವಾನ್ಸ್ ಕೊಟ್ಟಿರೋರಿಗೆ ಹಳೇ ಬೆಲೆಗೇ ಹೊಸದು ಕೊಡ್ತೀವಿ, ಹಳೇದೇ ಬೇಕು ಅನ್ನೋರು ಈ ತಿಂಗಳೊಳಗೆ ಹೇಳಿಬಿಡಿ. ಶನಿವಾರ ಮಧ್ಯಾಹ್ನ ವರ್ಕ್‌ಶಾಪಲ್ಲಿ ಎರಡೂ ಜೋಡಿ ಪಕ್ಕಪಕ್ಕ ಇರತ್ತೆ, ನಿಮಗೆ ಚೆನ್ನಾಗಿ ಗೊತ್ತಿರೋ ಹಾಡುಗಳನ್ನ ತಗೊಂಡು ಬನ್ನಿ, ಬರೋ ಮುಂಚೆ ಒಂದು ಫೋನ್ ಮಾಡಿ.