ಮಗು ಮೊದಲೋ, ಪಿಆರ್ ಮೊದಲೋ

ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಕೇಳಿದಾಗ ನಾನು ಮಾತು ಹಾರಿಸಿದೆ, ನಿನಗೆ ಗೊತ್ತಾಗಿರುತ್ತದೆ. ಪಕ್ಕದಲ್ಲಿ ಚಿಕ್ಕಪ್ಪ ಕೂತಿದ್ದರು, ಸ್ಪೀಕರ್ ಬೇರೆ ಆನ್ ಆಗಿತ್ತು. "ಚಿಕ್ಕಮ್ಮ, ಕೆನಡಾ ಪಿಆರ್ (ಅಲ್ಲಿ ಕಾಯಂ ನೆಲೆಸುವ ಅನುಮತಿ) ಬಂದ ಮೇಲೆ ಮಗು ಮಾಡಿಕೊಳ್ಳೋದಾ, ಇಲ್ಲ ಮಗು ಆದ ಮೇಲೆ ಅರ್ಜಿ ಹಾಕೋದಾ" ಅಂತ ನೀನು ಒಂದೇ ಸಾಲಿನಲ್ಲಿ ಕೇಳಿದೆ. ಉತ್ತರವೂ ಒಂದೇ ಸಾಲು. ಫೈಲಿಗೋಸ್ಕರ ಮಗುವನ್ನು ಕಾಯಿಸಬೇಡ. ಆದರೆ ಯಾಕೆ ಅಂತ ಹೇಳದೆ ಇಷ್ಟೇ ಹೇಳಿದರೆ ನೀನು ಒಪ್ಪುವವಳಲ್ಲ, ನಿನ್ನ ಅಮ್ಮನ ಮಗಳಲ್ವಾ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. 2007ರಲ್ಲಿ ನಾವು ಸ್ಕಿಲ್ಡ್ ವರ್ಕರ್ ಅಂತ ಅರ್ಜಿ ಹಾಕಿದೆವು. ಆಗೆಲ್ಲ ಕಾಗದದ ಅರ್ಜಿ, ದಪ್ಪ ಕವರಿನಲ್ಲಿ ಕೊರಿಯರ್ ಮಾಡಿದ್ದು. ನನಗೆ ಆಗ 27. "ಒಂದೆರಡು ವರ್ಷ ಅಷ್ಟೇ, ಅಲ್ಲಿ ಹೋಗಿ ಮಗು ಆದರೆ ಅದಕ್ಕೆ ಹುಟ್ಟಿನಿಂದಲೇ ಅಲ್ಲಿಯ ಪೌರತ್ವ" ಅಂತ ಚಿಕ್ಕಪ್ಪ ಲೆಕ್ಕ ಹಾಕಿದರು, ನಾನೂ ಹೂಂ ಅಂದೆ. 2008 ಆಯಿತು, 2009 ಆಯಿತು. ಪ್ರತಿ ಯುಗಾದಿಗೂ ನಿಮ್ಮಜ್ಜಿ "ಏನಾದ್ರೂ ವಿಶೇಷಾನಾ?" ಅಂತ ಕೇಳುವುದು, ನಾನು "ವೀಸಾ ಬರ್ಲಿ ಅಮ್ಮ" ಅನ್ನುವುದು. ಸೋಫಾದ ಸ್ಪ್ರಿಂಗ್ ಕಿತ್ತು ಬಂದಿತ್ತು, ಹೇಗೂ ಹೋಗುವವರು ಅಂತ ಅದನ್ನೂ ಬದಲಾಯಿಸಲಿಲ್ಲ. ಕೊನೆಗೆ 2012ರಲ್ಲಿ ಕೆನಡಾದಲ್ಲಿ ಒಂದು ಕಾನೂನು ಬಂತು. 2008ರ ಫೆಬ್ರವರಿ 27ಕ್ಕಿಂತ ಮೊದಲು ಸೇರಿದ, 2012ರ ಮಾರ್ಚ್ 29ರೊಳಗೆ ತೀರ್ಮಾನವಾಗದೆ ಉಳಿದ ಸ್ಕಿಲ್ಡ್ ವರ್ಕರ್ ಅರ್ಜಿಗಳೆಲ್ಲ ರದ್ದು. ಸುಮಾರು 2,80,000 ಜನರ ಹೆಸರು ಆ ರಾಶಿಯಲ್ಲಿತ್ತು, ನಮ್ಮಿಬ್ಬರದೂ ಸೇರಿ. ಕಟ್ಟಿದ ಫೀಸು ವಾಪಸ್ ಬಂತು. ಚಿಕ್ಕಪ್ಪ ಆ ದುಡ್ಡಿನಲ್ಲಿ ಸೋಫಾ ತಂದರು.

ನನಗೆ ಆಗ 32. ಸರಿ, ಈಗಲಾದರೂ ಮಗು ಅಂದುಕೊಂಡರೆ ಅದೂ ತಕ್ಷಣ ಆಗಲಿಲ್ಲ. ಆಸ್ಪತ್ರೆ, ಇಂಜೆಕ್ಷನ್ನು, ನಾಗರಕಟ್ಟೆ ಸುತ್ತುವುದು, ಎಲ್ಲ ಆಗಿ 2014ರಲ್ಲಿ ನಿನ್ನ ತಮ್ಮ ಹುಟ್ಟಿದ, ಮೈಸೂರಿನಲ್ಲೇ. 2017ರಲ್ಲಿ ಹೊಸ ಪದ್ಧತಿಯಲ್ಲಿ ನಾವು ಇಲ್ಲಿಗೆ ಬಂದಾಗ ಅವನಿಗೆ ಮೂರು ವರ್ಷ, ಅರ್ಜಿಯಲ್ಲಿ ನಮ್ಮ ಜೊತೆ ಅವನದೂ ಒಂದು ಹೆಸರು. ಆಮೇಲೆ ನಮಗೆ ಪೌರತ್ವ ಬಂದಾಗ ಅವನಿಗೂ ಬಂತು. ಐದು ವರ್ಷ ಯಾವುದಕ್ಕೆ ಕಾದೆವೋ ಅದು ಕಾಯದೇ ಇದ್ದರೂ ಸಿಗುತ್ತಿತ್ತು ನೋಡು.

ಈಗ ಹಾಗಿಲ್ಲ ಚಿಕ್ಕಮ್ಮ, ಎಲ್ಲ ಆರು ತಿಂಗಳಲ್ಲಿ ಆಗುತ್ತದೆ ಅನ್ನುತ್ತೀಯ. ನಿಜ, 2015ರಿಂದ ಎಕ್ಸ್‌ಪ್ರೆಸ್ ಎಂಟ್ರಿ ಅನ್ನುವ, ಅಂಕ ನೋಡಿ ಆರಿಸುವ ಆನ್‌ಲೈನ್ ಪದ್ಧತಿ ಬಂದ ಮೇಲೆ ನಮ್ಮ ಕಾಲದ ಗೋಳು ಇಲ್ಲ. ಆದರೆ ಆ ಆರು ತಿಂಗಳ ಲೆಕ್ಕ ಶುರುವಾಗುವುದು, ಅರ್ಜಿ ಹಾಕಿ ಅಂತ ಅವರಿಂದ ಇನ್ವಿಟೇಷನ್ ಬಂದು, ಅದಕ್ಕೆ ಕೊಡುವ 60 ದಿನದೊಳಗೆ ನೀನು ಪೂರ್ತಿ ಅರ್ಜಿ ಹಾಕಿದ ಮೇಲೆ. ಅದಕ್ಕಿಂತ ಮೊದಲು ಪೂಲ್‌ನಲ್ಲಿ ಕೂರುವುದಿದೆಯಲ್ಲ, ಅಂದರೆ ಹೆಸರು ಕೊಟ್ಟು ಕಾಯುವವರ ಪಟ್ಟಿಯಲ್ಲಿ, ಅದು ಎಷ್ಟು ದಿನ ಅಂತ ಯಾವ ಏಜೆಂಟೂ ಹೇಳಲಾರ. ಈಗೀಗ ಆ ಪಟ್ಟಿಯಿಂದ ಆರಿಸುವ ಡ್ರಾಗಳನ್ನೂ ಗುಂಪು ಗುಂಪಾಗಿ ಮಾಡುತ್ತಾರೆ: ಫ್ರೆಂಚ್ ಬಲ್ಲವರಿಗೆ ಒಂದು, ಈಗಾಗಲೇ ಇಲ್ಲಿ ಕೆಲಸ ಮಾಡಿದವರಿಗೆ ಒಂದು, ನಿನ್ನಂಥ ನರ್ಸ್‌ಗಳಿರುವ ಆರೋಗ್ಯ ಕ್ಷೇತ್ರಕ್ಕೆ ಒಂದು. ನಿನ್ನ ಕೆಲಸ ನಿನ್ನ ಕೈ ಹಿಡಿಯಬಹುದು. ಯಾವ ತಿಂಗಳು ಅಂತ ಮಾತ್ರ ಕೇಳಬೇಡ.

ನಿನ್ನ ಭಯ ಯಾವುದು ಅಂತ ನನಗೆ ಗೊತ್ತು, ವಯಸ್ಸಿನ ಅಂಕ. ಗಂಡ ಹೆಂಡತಿ ಸೇರಿ ಹಾಕುವ ಅರ್ಜಿಯಲ್ಲಿ ಮುಖ್ಯ ಅರ್ಜಿದಾರರಿಗೆ 29ರವರೆಗೆ 100 ಅಂಕ, 30ಕ್ಕೆ 95, ನಿನ್ನ 31ಕ್ಕೆ 90, ಹೀಗೆ ವರ್ಷಕ್ಕೆ ಐದೈದು ಇಳಿದು 40ಕ್ಕೆ 45. ಅಂದರೆ ಬಸಿರು ಬಾಣಂತನಕ್ಕೆ ಒಂದು ವರ್ಷ ಹೋದರೆ ಹೋಗುವುದು ಐದು ಅಂಕ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಇನ್ನೊಮ್ಮೆ ಬರೆದು ಒಂದು ಮೆಟ್ಟಿಲು ಮೇಲೆ ಹತ್ತಿದರೆ ಅದಕ್ಕಿಂತ ಜಾಸ್ತಿ ಬರುತ್ತದೆ. ಇನ್ನೊಂದು, ಮಗು ಇದ್ದರೆ ಅಂಕ ಕಡಿಮೆ ಆಗುತ್ತದೆ ಅಂತ ನಿನಗೆ ಯಾರು ಹೇಳಿದರೋ, ಅದು ಸುಳ್ಳು. ಮಕ್ಕಳ ಲೆಕ್ಕಕ್ಕೆ ಅಂಕ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

ಮಗುವಿನಿಂದ ಜಾಸ್ತಿಯಾಗುವುದು ತೋರಿಸಬೇಕಾದ ದುಡ್ಡು. 2025ರ ಜುಲೈನಲ್ಲಿ ಬಂದ ಲೆಕ್ಕದಲ್ಲಿ ಇಬ್ಬರಿಗೆ 19,001 ಡಾಲರ್, ಮೂವರಿಗೆ 23,360. ನಮ್ಮ ದುಡ್ಡಿನಲ್ಲಿ ಎರಡೂವರೆ ಲಕ್ಷದ ಮೇಲೆ ವ್ಯತ್ಯಾಸ. ಪ್ರತಿ ವರ್ಷ ಪರಿಷ್ಕರಿಸುತ್ತಾರೆ, ಅರ್ಜಿ ಹಾಕುವಾಗ ಹೊಸದನ್ನು ನೋಡಿಕೋ. ಆರು ತಿಂಗಳ ಸರಾಸರಿ ಬ್ಯಾಲೆನ್ಸನ್ನು ಬ್ಯಾಂಕಿನವರು ಪತ್ರದಲ್ಲಿ ಬರೆದುಕೊಡಬೇಕು, ಕೊನೆಯ ವಾರ ಮಾವನವರಿಂದ ತಂದು ಹಾಕಿದರೆ ನಡೆಯುವುದಿಲ್ಲ. ಆದ್ದರಿಂದ ಈಗಿನಿಂದಲೇ ಮೂವರ ದುಡ್ಡು ಇಟ್ಟುಬಿಡಿ.

ವೈದ್ಯಕೀಯ ಪರೀಕ್ಷೆಯ ವಿಷಯ ನಿನಗೆ ನಾನು ಹೇಳಬೇಕಾ? ಆದರೂ ಕೇಳು. 2025ರ ಆಗಸ್ಟ್‌ನಿಂದ ಪರೀಕ್ಷೆಯನ್ನು ಮೊದಲೇ ಮಾಡಿಸಿ ಅರ್ಜಿಯ ಜೊತೆಗೇ ದಾಖಲೆ ಕೊಡಬೇಕು. ಅವರ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರವೇ ಆಗಬೇಕು, ನೀನು ಕೆಲಸ ಮಾಡುವ ಆಸ್ಪತ್ರೆಯ ರಿಪೋರ್ಟ್ ಒಪ್ಪುವುದಿಲ್ಲ. ಅದರಲ್ಲಿ ಎದೆಯ ಎಕ್ಸ್-ರೇ ಇದೆ. ಬಸಿರಿದ್ದರೆ ಎಕ್ಸ್-ರೇಯನ್ನು ಹೆರಿಗೆಯ ನಂತರಕ್ಕೆ ಮುಂದೂಡಬಹುದು, ಆದರೆ ಅಲ್ಲಿಯವರೆಗೆ ಫೈಲು ಮುಗಿಯುವುದಿಲ್ಲ. ಮುಗಿಯದಿದ್ದರೆ ಬಿಡು, ಕೂತಿರಲಿ. ಬಸಿರು ಅಂತ ಅರ್ಜಿ ತಿರಸ್ಕರಿಸುವುದಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿಬಿಡು, ಎರಡು ತಿಂಗಳು ಅಷ್ಟೇ ತಾನೇ, ಯಾರಿಗೆ ಗೊತ್ತಾಗುತ್ತದೆ ಅಂತ ಹೋಗಿ ಮೆಷಿನ್ ಮುಂದೆ ನಿಲ್ಲಬೇಡ.

ಈಗ ಹೇಳುವುದನ್ನು ಎರಡು ಸಲ ಓದು, ಅಳಿಯಂದಿರಿಗೂ ಓದಿ ಹೇಳು. ಫೈಲು ನಡೆಯುವಾಗ ಮಗು ಹುಟ್ಟಿದರೆ ತಿಳಿಸಲೇಬೇಕು. ಪಿಆರ್ ಕಾಗದ ಕೈಗೆ ಬಂದು, ಟಿಕೆಟ್ ಬುಕ್ ಆಗಿ, ವಿಮಾನ ಹತ್ತುವ ಮೊದಲು ಹುಟ್ಟಿದರೂ ತಿಳಿಸಲೇಬೇಕು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಸರಿಯಾಗಿ ಹೀಗೇ ಆಯಿತು. ಅವರ ಏಜೆಂಟ್ "ಈಗ ಹೇಳಿದರೆ ಫೈಲು ಹಿಂದಕ್ಕೆ ಹೋಗುತ್ತದೆ, ಮಗುವನ್ನು ಅಜ್ಜಿ ಹತ್ತಿರ ಬಿಟ್ಟು ನೀವಿಬ್ಬರೂ ಹೋಗಿ ಲ್ಯಾಂಡ್ ಆಗಿ, ಆಮೇಲೆ ಸ್ಪಾನ್ಸರ್ ಮಾಡಿ" ಅಂದನಂತೆ. ಪುಣ್ಯಕ್ಕೆ ಆ ಹುಡುಗಿ ಯಾಕೋ ಅನುಮಾನ ಬಂದು ನನಗೆ ಫೋನ್ ಮಾಡಿದಳು. ಲ್ಯಾಂಡ್ ಆಗುವಾಗ ಇದ್ದ ಮಗುವನ್ನು ಹೇಳದೆ ಮುಚ್ಚಿಟ್ಟರೆ ಮುಂದೆ ಅದೇ ಮಗುವನ್ನು ಕುಟುಂಬದ ಹೆಸರಿನಲ್ಲಿ ಕರೆಸಿಕೊಳ್ಳುವ ದಾರಿಯೇ ಮುಚ್ಚಿಹೋಗಬಹುದು, ಇಲ್ಲಿಯ ನಿಯಮದಲ್ಲೇ ಹಾಗಿದೆ. ಅವರು ತಿಳಿಸಿದರು, ಮಗುವಿಗೆ ಪಾಸ್‌ಪೋರ್ಟ್ ಮಾಡಿಸಿದರು, ಪರೀಕ್ಷೆ ಮಾಡಿಸಿದರು, ಕೆಲವು ತಿಂಗಳು ತಡವಾಗಿ ಮೂವರೂ ಒಟ್ಟಿಗೆ ಬಂದರು. ಟಿಕೆಟ್ ದುಡ್ಡು ಹೋಯಿತು ಅಷ್ಟೇ.

ಪಾಸ್‌ಪೋರ್ಟ್ ಅಂದಾಗ ನೆನಪಾಯಿತು. ಜನನ ಪ್ರಮಾಣಪತ್ರದಲ್ಲಿ ಹೆಸರನ್ನು ಬೇಗ ಬರೆಸಿ, ಇನಿಷಿಯಲ್ ಇಡದೆ ಬಿಡಿಸಿ ಬರೆಸಿ. ನಿನ್ನ ಅತ್ತೆ ಒಳ್ಳೆಯ ಮುಹೂರ್ತ ನೋಡಿ ಐದನೇ ತಿಂಗಳಿಗೆ ನಾಮಕರಣ ಅಂದರೆ ಶಾಸ್ತ್ರ ಆಗ ಮಾಡಿಕೊಳ್ಳಲಿ, ಹೆಸರು ಮಾತ್ರ ಆಸ್ಪತ್ರೆಯಲ್ಲೇ ಇಟ್ಟುಬಿಡಿ.

ನೀನು ಫೋನಿನಲ್ಲಿ ಹೇಳಿದ ಇನ್ನೊಂದು ಪ್ಲಾನ್ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಬೇಗ ಪಿಆರ್ ತೆಗೆದುಕೊಂಡು, ಇಲ್ಲಿ ಬಂದು ಸೇರಿ, ಬಸಿರಾದ ಮೇಲೆ ಹೆರಿಗೆಗೆ ತವರಿಗೆ ಹೋಗಿಬಿಡುವುದು. ಕೇಳಲು ಚೆಂದ. ಆದರೆ ಅಪ್ಪ ಅಮ್ಮ ಇಬ್ಬರೂ ಬರೀ ಪಿಆರ್ ಆಗಿದ್ದು ಮಗು ಮೈಸೂರಿನಲ್ಲಿ ಹುಟ್ಟಿದರೆ ಆ ಮಗುವಿಗೆ ಪೌರತ್ವವೂ ಇಲ್ಲ, ಪಿಆರ್ ಕೂಡ ಇಲ್ಲ. ಹಸುಗೂಸಿಗೆ ಸ್ಪಾನ್ಸರ್ ಅರ್ಜಿ ಹಾಕಿ, ಇಲ್ಲವೇ ವಿಸಿಟರ್ ವೀಸಾಕ್ಕೆ ಅಲೆದು, ಅಷ್ಟರಲ್ಲಿ ರಜೆ ಮುಗಿದು ಒಬ್ಬರು ಇಲ್ಲಿ ಒಬ್ಬರು ಅಲ್ಲಿ. ಮೇಲಿಂದ ಐದು ವರ್ಷದಲ್ಲಿ 730 ದಿನ ಇಲ್ಲಿರಬೇಕು ಅನ್ನುವ ಪಿಆರ್ ನಿಯಮ ಬೇರೆ. ಇರುವ ದಾರಿಗಳಲ್ಲಿ ಇದೇ ಕೆಟ್ಟದ್ದು, ಆದರೆ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ತೋಚುವುದೂ ಇದೇ.

ಬಸಿರಿರುವಾಗಲೇ ಬಂದು ಇಲ್ಲಿ ಹೆರುವುದು? ಆಗದೇ ಇರುವುದಲ್ಲ. ಒಂಟಾರಿಯೊದಲ್ಲಿ ಹೊಸಬರಿಗೆ ಆರೋಗ್ಯ ಕಾರ್ಡಿಗೆ ಮೂರು ತಿಂಗಳು ಕಾಯಬೇಕಿತ್ತು, ನಾವು ಕಾದಿದ್ದೇವೆ, 2020ರಲ್ಲಿ ಅದನ್ನು ತೆಗೆದುಹಾಕಿದರು. ಬ್ರಿಟಿಷ್ ಕೊಲಂಬಿಯಾದಲ್ಲಿ ಕಾಯುವುದು ಇದೆ, ಆ ಸಮಯಕ್ಕೆ ಖಾಸಗಿ ಇನ್ಶೂರೆನ್ಸ್ ತೆಗೆದುಕೊಂಡರೆ ಮೊದಲೇ ಇರುವ ಬಸಿರಿಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ವಿಮಾನದವರು ಹೆಚ್ಚಿನವರು 28 ವಾರದ ಮೇಲೆ ಡಾಕ್ಟರ ಪತ್ರ ಕೇಳುತ್ತಾರೆ, 36ರ ಮೇಲೆ ಹತ್ತಿಸುವುದಿಲ್ಲ. ಹೆರಿಗೆ ರಜೆಯ ದುಡ್ಡು ಬೇಕಾದರೆ ಇಲ್ಲಿ ಮೊದಲು 600 ಗಂಟೆ ಕೆಲಸ ಮಾಡಿರಬೇಕು, ವಾರಕ್ಕೆ 40 ಗಂಟೆ ಅಂದರೂ 15 ವಾರ, ಸಿಗುವುದು ಸಂಬಳದ ಶೇ 55, ಅದಕ್ಕೂ ಒಂದು ಮಿತಿ. ನೀನು ಬಂದ ತಕ್ಷಣ ನರ್ಸ್ ಆಗಿ ಸೇರುವ ಹಾಗೂ ಇಲ್ಲ. ರಿಜಿಸ್ಟ್ರೇಷನ್, ಎನ್‌ಕ್ಲೆಕ್ಸ್ ಪರೀಕ್ಷೆ ಎಲ್ಲ ಆಗಬೇಕು. ಅದೇ ಬೆಂಗಳೂರಿನ ಕೆಲಸದಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಪೂರ್ತಿ ಸಂಬಳದ ರಜೆ ನಿನ್ನ ಹಕ್ಕು, 2017ರಿಂದ ಕಾನೂನಿನಲ್ಲೇ ಇದೆ. ಅದನ್ನು ಬಿಟ್ಟು ಬರುತ್ತೀಯಾ?

ದುಡ್ಡು ಬಿಡು. ಇಲ್ಲಿ ಜನವರಿಯಲ್ಲಿ ಸಾಯಂಕಾಲ ಐದಕ್ಕೇ ಕತ್ತಲೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳು ಹುಡುಗಿಯ ಬಾಣಂತನಕ್ಕೆ ಅವರ ಅಮ್ಮ ಊರಿಂದ ಬಂದಿದ್ದರು, ಮಗುವಿಗೆ ಸಾಂಬ್ರಾಣಿ ಹೊಗೆ ಹಾಕಿದ ಐದು ನಿಮಿಷಕ್ಕೆ ಅಲಾರಂ ಹೊಡೆದುಕೊಂಡು ಇಡೀ ಕಟ್ಟಡ ಚಳಿಯಲ್ಲಿ ಹೊರಗೆ ನಿಂತಿತ್ತು. ನಗು ಬರುತ್ತದೆ, ಆದರೆ ಅಮ್ಮ ಬಂದದ್ದೇ ಅವಳ ಅದೃಷ್ಟ. ಎಷ್ಟೋ ಜನರಿಗೆ ವೀಸಾ ಸಮಯಕ್ಕೆ ಸಿಗುವುದಿಲ್ಲ. ಸೂಪರ್ ವೀಸಾ ಅಂತ ಇದೆ, ಒಮ್ಮೆ ಬಂದರೆ ಐದು ವರ್ಷದವರೆಗೆ ಇರಬಹುದು, ಆದರೆ ಕರೆಸುವವರ ಆದಾಯ ತೋರಿಸಬೇಕು, ಬರುವವರಿಗೆ ಕನಿಷ್ಠ ಒಂದು ಲಕ್ಷ ಡಾಲರ್‌ನ ಇನ್ಶೂರೆನ್ಸ್ ಮಾಡಿಸಬೇಕು. ಬಂದು ಆರು ತಿಂಗಳಾದವರು ಆ ಆದಾಯ ಎಲ್ಲಿಂದ ತೋರಿಸುತ್ತಾರೆ?

ನನ್ನ ಕೇಳಿದರೆ ಹೀಗೆ ಮಾಡು. ಐಇಎಲ್‌ಟಿಎಸ್ ಈಗಲೇ ಬರೆ, ಎರಡು ವರ್ಷ ನಡೆಯುತ್ತದೆ, ವಾಂತಿ ಶುರುವಾದ ಮೇಲೆ ಮೂರು ಗಂಟೆ ಕೂತು ಬರೆಯುವುದು ಕಷ್ಟ. ಡಿಗ್ರಿಯ ಮೌಲ್ಯಮಾಪನವೂ ಮಾಡಿಸಿಬಿಡು, ಅದು ಐದು ವರ್ಷ ನಡೆಯುತ್ತದೆ. ಪೂಲ್‌ಗೆ ಹೆಸರು ಹಾಕು. ಹಾಕಿ ಮರೆತುಬಿಡು, ಸಂಸಾರ ನೋಡಿಕೋ. ಇನ್ವಿಟೇಷನ್ ನಡುವೆ ಬಂದರೆ ಬರಲಿ. ಆ 60 ದಿನ ನಿನ್ನ ಒಂಬತ್ತನೇ ತಿಂಗಳಲ್ಲೇ ಬಂದು ಆಗುವುದೇ ಇಲ್ಲ ಅನಿಸಿದರೆ ಸುಮ್ನೆ ಬಿಟ್ಟುಬಿಡಬೇಡ, ಬೇಡ ಅಂತ ಉತ್ತರ ಕೊಡು. ಹಾಗೆ ಕೊಟ್ಟರೆ ನಿನ್ನ ಪ್ರೊಫೈಲ್ ಪೂಲ್‌ಗೆ ವಾಪಸ್ ಹೋಗುತ್ತದೆ, ಉತ್ತರವೇ ಕೊಡದಿದ್ದರೆ ಹೊಸದಾಗಿ ಶುರುಮಾಡಬೇಕು. ಹೆರಿಗೆ ಮೈಸೂರಿನಲ್ಲಿ ಆಗಲಿ. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು ತಿಂದು, ಎಣ್ಣೆ ನೀರು ಹಾಕಿಸಿಕೊಂಡು ಮೂರು ತಿಂಗಳು ಮಲಗು. ಆಮೇಲೆ ಮೂವರೂ ಬನ್ನಿ.

ಒಂದು ಮಾತು ಮರೆತಿದ್ದೆ. "ನಮ್ಮೆಜಮಾನರು ಮೊದಲು ಹೋಗಿ ಮನೆ ನೋಡಿರುತ್ತಾರೆ, ನಾನು ಮಗು ಆಮೇಲೆ ಬರುತ್ತೇವೆ" ಅಂದೆಯಲ್ಲ, ನೀನು ಮುಖ್ಯ ಅರ್ಜಿದಾರಳಾದರೆ ಅದು ಆಗುವುದಿಲ್ಲ. ಮುಖ್ಯ ಅರ್ಜಿದಾರರೇ ಮೊದಲು ಲ್ಯಾಂಡ್ ಆಗಬೇಕು, ಇಲ್ಲವೇ ಜೊತೆಯಲ್ಲಿ. ಅವರೇ ಮುಂದೆ ಬರಬೇಕು ಅಂದರೆ ಅವರ ಹೆಸರಿನಲ್ಲಿ ಅಂಕ ಎಷ್ಟಾಗುತ್ತದೆ ಅಂತ ಒಮ್ಮೆ ಕೂಡಿ ನೋಡಿ.

ಶನಿವಾರ ನಿಮ್ಮ ರಾತ್ರಿ ಊಟ ಆದ ಮೇಲೆ ಫೋನ್ ಮಾಡು, ಅಳಿಯಂದಿರನ್ನೂ ಕೂರಿಸಿಕೋ. ಚಿಕ್ಕಪ್ಪನನ್ನು ನಾನು ಆ ಹೊತ್ತಿಗೆ ತರಕಾರಿಗೆ ಕಳಿಸಿರುತ್ತೇನೆ. ಮತ್ತೆ ನಿನ್ನ ಅಮ್ಮನಿಗೆ ಪಾಸ್‌ಪೋರ್ಟ್ ರಿನ್ಯೂ ಮಾಡಿಸಲು ಹೇಳು. ಯಾಕೆ ಅಂತ ಕೇಳಿದರೆ ಚಿಕ್ಕಮ್ಮನ ಮನೆ ನೋಡೋಕೆ ಅನ್ನು, ಸದ್ಯಕ್ಕೆ ಅಷ್ಟೇ ಸಾಕು.

ನಿನ್ನ
ಚಿಕ್ಕಮ್ಮ